ಬಯಲುಸೀಮೆಯಲ್ಲಿ ಒಂದು ತೊಟ್ಟಿ ಕಡಲು

ಕಡಲನ್ನು ಮನೆಯೊಳಗೆ ಇರಿಸಿಕೊಳ್ಳಬೇಕೆಂಬ ಆಸೆ ಮನುಷ್ಯನಿಗೆ ಹೊಸದಲ್ಲ. ೧೮೪೬ರಲ್ಲಿ ಅನ್ನಾ ಥಿನ್ ಎಂಬ ಆಂಗ್ಲ ಮಹಿಳೆ ಇಂಗ್ಲೆಂಡಿನ ತೆಂಕಣ ತೀರದ ಟಾರ್ಕಿ ಎಂಬಲ್ಲಿಂದ ಕೆಲವು ಕಲ್ಲು ಹವಳಗಳನ್ನು ಲಂಡನ್ ನಗರಕ್ಕೆ ತಂದು, ಗಾಜಿನ ಪಾತ್ರೆಗಳಲ್ಲಿ ಕಡಲ ನೀರು ತುಂಬಿ ಸಾಕಿದರು. ಆಗ ವಿದ್ಯುತ್ ಪಂಪುಗಳಿರಲಿಲ್ಲ. ಪ್ರತಿದಿನವೂ ಮಧ್ಯಾಹ್ನದ ಹೊತ್ತಿಗೆ ತೆರೆದ ಕಿಟಕಿಯ ಬಳಿಯಲ್ಲಿ ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಅರ್ಧ ಮುಕ್ಕಾಲು ಗಂಟೆಯ ಕಾಲ ಹೊಯ್ದು ಗಾಳಿ ಬೆರೆಸುವುದು ಆಕೆಯ ಮನೆಗೆಲಸದವಳ ಪಾಲಿನ ಕೆಲಸವಾಗಿದ್ದಿತು. ಸಮುದ್ರದ ಜೀವಿಗಳನ್ನು ಸಮುದ್ರದಿಂದ ದೂರದಲ್ಲಿ ಬಹುಕಾಲ ಬದುಕಿಸಿಡಬಹುದೆಂದು ತೋರಿಸಿದ ಮೊದಲಿಗರಲ್ಲಿ ಈಕೆಯೂ ಒಬ್ಬರು.

ಲಂಡನ್ನಿನಂತೆಯೇ ನಮ್ಮ ರಾಮದುರ್ಗ ತಾಲೂಕಿನ ಕಟಕೋಳವೂ ಕಡಲ ದಡದ ಊರಲ್ಲ. ಪಡುವಣ ಸಮುದ್ರ ಇಲ್ಲಿಂದ ನೂರು ಕಿಲೋಮೀಟರುಗಳಿಗೂ ಮಿಕ್ಕಿದ ದೂರದಲ್ಲಿ, ಸಹ್ಯಾದ್ರಿಯ ಆಚೆಗಿದೆ. ಇಲ್ಲಿಯ ನೆಲ ಎರೆಭೂಮಿ, ಮಳೆ ಕಡಿಮೆ, ಚೈತ್ರ ವೈಶಾಖಗಳ ಬಿಸಿಲು ಕಡುಬಿಸಿಲು. ಇಂಥ ಊರಿನಲ್ಲಿ ಕಡಲ ನೀರಿನ ಒಂದು ಗಾಜಿನ ತೊಟ್ಟಿಯನ್ನಿಟ್ಟು, ಹವಳದ ದಿಬ್ಬದ ಮೀನುಗಳನ್ನು ಸಾಕಲು ಸಾಧ್ಯವೇ? ಕಾಲೇಜಿನ ವಿದ್ಯಾರ್ಥಿಗಳು ಕೇಳುವ ಈ ಪ್ರಶ್ನೆಗೆ ಉತ್ತರ ಕೊಡಬೇಕಾದುದು ಜೀವಶಾಸ್ತ್ರವೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ತೊಟ್ಟಿಯ ಸಾಧಕ ಬಾಧಕಗಳಲ್ಲಿ ಅರ್ಧಕ್ಕೂ ಹೆಚ್ಚು ಭೌತಶಾಸ್ತ್ರಕ್ಕೆ ಸೇರಿದವು. ಅವುಗಳ ಮೂಲವೆಲ್ಲ ನೀರು ಆವಿಯಾಗುವ ಒಂದೇ ಕ್ರಿಯೆಯಲ್ಲಿದೆ.

ಮುಂದುವರಿಯುವ ಮುನ್ನ ಒಂದು ಮಾತು. ಕಲ್ಲು ಹವಳಗಳನ್ನು ನಮ್ಮ ಕಡಲುಗಳಿಂದ ಕಿತ್ತು ತರುವುದೂ ಮಾರುವುದೂ ಅಪರಾಧ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ೨೦೦೧ರಲ್ಲಿ ಅವುಗಳನ್ನು ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಣ ಹವಳಗಳು ಅಲ್ಲಿಯೇ ಇರತಕ್ಕವು. ಆದುದರಿಂದ ನಮ್ಮ ತೊಟ್ಟಿಯ ದಿಬ್ಬವನ್ನು ಕೃತಕ ಬಂಡೆಗಳಿಂದ ಕಟ್ಟಿ, ಮರಿಕೇಂದ್ರಗಳಲ್ಲಿ ಹುಟ್ಟಿಸಿ ಬೆಳೆಸಿದ ಕ್ಲೌನ್ ಮೀನಿನಂಥವುಗಳನ್ನು ಮಾತ್ರ ಸಾಕುವುದೆಂದು ಇಟ್ಟುಕೊಳ್ಳೋಣ. ಇಂಥ ಮೀನುಗಳನ್ನು ಸೆರೆಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದಾರೆ.

ಬೆಚ್ಚನೆಯ ನೀರಿನ ಅಪಾಯ

ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ತೊಟ್ಟಿಯಲ್ಲಿ ೪೦ ಸೆಂಟಿಮೀಟರ್ ಎತ್ತರಕ್ಕೆ ನೀರು ತುಂಬಿದರೆ ಅದು ೨೦೦ ಲೀಟರ್ ಆಗುತ್ತದೆ. ದಿಬ್ಬದ ಜೀವಿಗಳಿಗೆ ಹಿತವಾದ ಉಷ್ಣತೆ ೨೪ರಿಂದ ೨೭ ಡಿಗ್ರಿ ಸೆಲ್ಸಿಯಸ್. ಕಟಕೋಳದ ಏಪ್ರಿಲ್ ಮಧ್ಯಾಹ್ನದಲ್ಲಿ ಹೊರಗಿನ ಗಾಳಿಯ ಉಷ್ಣತೆ ೩೮ ಡಿಗ್ರಿಯನ್ನು ಮುಟ್ಟುವುದು ಅಪರೂಪವಲ್ಲ. ಇದರ ಜೊತೆಗೆ ದೀಪ ಮತ್ತು ಪಂಪುಗಳ ಶಾಖವೂ ಇದೆ. ೧೦೦ ವಾಟ್ ದೀಪ ದಿನಕ್ಕೆ ೮ ಗಂಟೆ, ೨೫ ವಾಟ್ ಪಂಪು ದಿನವಿಡೀ ನಡೆದರೆ ಒಟ್ಟು ೧.೪ ಯೂನಿಟ್ ವಿದ್ಯುತ್ತು ವ್ಯಯವಾಗುತ್ತದೆ. ಅದರ ಬಹುಪಾಲು ಕೊನೆಗೆ ಉಷ್ಣವಾಗಿ ನೀರನ್ನೇ ಸೇರುತ್ತದೆ.

ನೀರು ಬೆಚ್ಚಗಾದರೆ ಕೆಡುವುದೇನು? ಮೊದಲನೆಯದಾಗಿ, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ೨೫ ಡಿಗ್ರಿಯಲ್ಲಿ ಒಂದು ಲೀಟರ್ ಕಡಲ ನೀರು ಸುಮಾರು ೬.೭ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು. ೩೦ ಡಿಗ್ರಿಯಲ್ಲಿ ಅದು ಸುಮಾರು ೬.೨ಕ್ಕೆ ಇಳಿಯುತ್ತದೆ. ಇತ್ತ ಮೀನಿನ ಮೈಯೊಳಗಿನ ರಾಸಾಯನಿಕ ಕ್ರಿಯೆಗಳು ಉಷ್ಣತೆಯೊಡನೆ ಚುರುಕಾಗಿ ಅದಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಬೇಡಿಕೆ ಏರುವ ಹೊತ್ತಿನಲ್ಲಿಯೇ ಪೂರೈಕೆ ಇಳಿಯುತ್ತದೆಯೆಂದಾಯಿತು.

ಎರಡನೆಯದಾಗಿ, ಹವಳಗಳ ಮಟ್ಟಿಗೆ ಈ ಅಪಾಯ ಇನ್ನೂ ಸೂಕ್ಷ್ಮವಾದುದು. ಹವಳದ ಮೃದು ಅಂಗಾಂಶದೊಳಗೆ ಅತಿಸಣ್ಣ ಪಾಚಿಗಳು ವಾಸವಾಗಿದ್ದು, ಬೆಳಕಿನ ನೆರವಿನಿಂದ ಆಹಾರ ತಯಾರಿಸಿ ತಮ್ಮ ಒಡೆಯನಿಗೂ ಉಣಿಸುತ್ತವೆ. ಬೇಸಿಗೆಯ ವಾಡಿಕೆಯ ಗರಿಷ್ಠ ಉಷ್ಣತೆಗಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ ಅದು ಕೆಲವು ವಾರ ಹಾಗೆಯೇ ನಿಂತರೂ ಸಾಕು, ಈ ಸಖ್ಯ ಮುರಿಯುತ್ತದೆ. ಪಾಚಿಗಳನ್ನು ಹೊರದೂಡಿದ ಹವಳ ಬಿಳಿಚಿಕೊಳ್ಳುತ್ತದೆ. ೧೯೯೮, ೨೦೧೦ ಮತ್ತು ೨೦೧೬ರಲ್ಲಿ ಲಕ್ಷದ್ವೀಪದ ಹವಳಗಳು ಹೀಗೆ ಬಿಳಿಚಿದವು. ೨೦೨೪ರ ಬೇಸಿಗೆಯಲ್ಲಿ ಮತ್ತೊಮ್ಮೆ ವ್ಯಾಪಕವಾಗಿ ಬಿಳಿಚಿದುದು ವರದಿಯಾಯಿತು. ಇಡೀ ಕಡಲೇ ಒಂದೆರಡು ಡಿಗ್ರಿಗೆ ತತ್ತರಿಸುವುದಾದರೆ, ೨೦೦ ಲೀಟರಿನ ತೊಟ್ಟಿಯ ಪಾಡೇನು?

ಹರವಿಯ ಪಾಠ

ಪರಿಹಾರ ನಮ್ಮ ಮನೆಗಳಲ್ಲಿಯೇ ಇದೆ. ಬೇಸಿಗೆ ಬಂದೊಡನೆ ನಮ್ಮ ಕಡೆ ಕುಡಿಯುವ ನೀರನ್ನು ಮಣ್ಣಿನ ಹರವಿಯಲ್ಲಿ ತುಂಬಿಡುತ್ತಾರೆ. ಅದರ ಸಣ್ಣ ರಂಧ್ರಗಳ ಮೂಲಕ ಜಿನುಗಿದ ನೀರು ಹೊರಮೈಯಲ್ಲಿ ಆವಿಯಾಗುತ್ತದೆ. ಒಳಗಿನ ನೀರು ತಣ್ಣಗಾಗುತ್ತದೆ. ಏಕೆ? ನೀರಿನ ಅಣುಗಳೆಲ್ಲ ಒಂದೇ ವೇಗದಲ್ಲಿ ಚಲಿಸುವುದಿಲ್ಲ. ಅತಿ ವೇಗವುಳ್ಳ ಅಣುಗಳು ನೆರೆಯ ಅಣುಗಳ ಸೆಳೆತವನ್ನು ಬಿಡಿಸಿಕೊಂಡು ಗಾಳಿಗೆ ಹಾರುತ್ತವೆ. ಹಿಂದುಳಿದವುಗಳ ಸರಾಸರಿ ವೇಗ ಇಳಿಯುತ್ತದೆ. ಸರಾಸರಿ ವೇಗ ಇಳಿಯಿತೆಂದರೆ ಉಷ್ಣತೆ ಇಳಿಯಿತೆಂದೇ ಅರ್ಥ.

ಹೀಗೆ ಆವಿಯು ಹೊತ್ತೊಯ್ಯುವ ಉಷ್ಣಕ್ಕೆ ಗುಪ್ತೋಷ್ಣವೆಂದು ಹೆಸರು. ಇದನ್ನು ೧೭೬೦ರ ದಶಕದ ಆರಂಭದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್ ಅಳೆದರು. ಅದರ ಪರಿಮಾಣ ಬೆರಗುಹುಟ್ಟಿಸುವಂಥದು. ಒಂದು ಲೀಟರ್ ನೀರನ್ನು ೩೦ ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ಕಾಯಿಸಲು ೭೦ ಕಿಲೋಕ್ಯಾಲರಿ ಸಾಕು. ಅದೇ ನೀರು ೩೦ ಡಿಗ್ರಿಯಲ್ಲಿ ಇದ್ದಂತೆಯೇ ಆವಿಯಾಗಬೇಕಾದರೆ ಸುಮಾರು ೫೮೦ ಕಿಲೋಕ್ಯಾಲರಿ ಬೇಕು. ಈಗ ನಮ್ಮ ತೊಟ್ಟಿಯನ್ನು ನೋಡೋಣ. ಹೊರಗಿನಿಂದ ಉಷ್ಣ ಒಳಬರದಂತೆ ತಡೆದು, ೨೦೦ ಲೀಟರಿನಲ್ಲಿ ಒಂದೇ ಒಂದು ಲೀಟರ್ ನೀರನ್ನು ಆವಿಯಾಗಿಸಿದರೆ ಉಳಿದ ನೀರು ಸುಮಾರು ೩ ಡಿಗ್ರಿಯಷ್ಟು ತಣಿಯುತ್ತದೆ! ದೀಪ ಪಂಪುಗಳು ದಿನವೊಂದಕ್ಕೆ ಸುರಿಯುವ ೧.೪ ಯೂನಿಟ್ ಶಾಖವನ್ನೆಲ್ಲ ಸುಮಾರು ೨ ಲೀಟರ್ ನೀರು ಆವಿಯಾಗಿ ಹೊತ್ತುಕೊಂಡು ಹೋಗಬಲ್ಲುದು.

ಆದುದರಿಂದ ತೊಟ್ಟಿಯ ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವಂತೆ ಒಂದು ಚಿಕ್ಕ ಪಂಖಾ ಇಟ್ಟರೆ ಕೆಲಸವಾಯಿತು. ನಿಂತ ಗಾಳಿಯಲ್ಲಿ ನೀರಿನ ಮೇಲೆ ಆವಿತುಂಬಿದ ತೆಳುಪದರವೊಂದು ಕವಿದಿರುತ್ತದೆ. ಅದು ಹೊಸ ಅಣುಗಳ ಹಾದಿಗೆ ಅಡ್ಡಿ. ಪಂಖಾ ಈ ಪದರವನ್ನು ಸದಾ ಗುಡಿಸಿ ಹಾಕುತ್ತದೆ. ಗಾಜಿನ ಮುಚ್ಚಳ ಬಿಗಿಯಾಗಿದ್ದರೆ ಮಾತ್ರ ಇದೆಲ್ಲ ವ್ಯರ್ಥ.

ಕಡಲ ತಡಿಗಿಂತ ಕಟಕೋಳವೇ ಲೇಸು

ಎಷ್ಟೇ ಗಾಳಿ ಬೀಸಿದರೂ ನೀರು ಒಂದು ಮಿತಿಗಿಂತ ಕೆಳಗೆ ತಣಿಯಲಾರದು. ಆ ಮಿತಿಯನ್ನು ನೀವೇ ಅಳೆಯಬಹುದು. ಉಷ್ಣಮಾಪಕದ ಬುರುಡೆಗೆ ಒದ್ದೆಯಾದ ಹತ್ತಿಬಟ್ಟೆಯನ್ನು ಸುತ್ತಿ ಗಾಳಿ ಬೀಸಿರಿ. ಪಾದರಸ ಇಳಿದು ಒಂದೆಡೆ ನಿಲ್ಲುತ್ತದೆ. ಇದೇ ಒದ್ದೆ ಬುರುಡೆಯ ಉಷ್ಣತೆ. ಗಾಳಿ ಒಣಗಿದಷ್ಟೂ ಇದು ಕೆಳಗಿರುತ್ತದೆ.

ಈಗ ಎರಡು ಊರುಗಳನ್ನು ಹೋಲಿಸೋಣ. ಕಟಕೋಳದಲ್ಲಿ ಗಾಳಿಯ ಉಷ್ಣತೆ ೩೮ ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡಾ ೨೫ ಇರುವ ಒಂದು ಮಧ್ಯಾಹ್ನವನ್ನು ತೆಗೆದುಕೊಂಡರೆ ಒದ್ದೆ ಬುರುಡೆಯ ಉಷ್ಣತೆ ಸುಮಾರು ೨೩ ಡಿಗ್ರಿ. ಕಾರವಾರದಲ್ಲಿ ಗಾಳಿ ೩೩ ಡಿಗ್ರಿ, ಆರ್ದ್ರತೆ ಶೇಕಡಾ ೭೦ ಇದ್ದರೆ ಅದು ಸುಮಾರು ೨೮ ಡಿಗ್ರಿ. ಕಾರವಾರದ ಗಾಳಿ ಐದು ಡಿಗ್ರಿ ತಂಪಾಗಿದ್ದರೂ ಅಲ್ಲಿ ಪಂಖಾದಿಂದ ತೊಟ್ಟಿಯನ್ನು ೨೭ಕ್ಕೆ ಇಳಿಸಲು ಬರುವುದಿಲ್ಲ. ಉರಿಬಿಸಿಲಿನ ಕಟಕೋಳದಲ್ಲಿ ಬರುತ್ತದೆ! ಕಡಲ ತಡಿಯಲ್ಲಿ ಕಡಲ ನೀರನ್ನು ತಂಪಾಗಿಡುವುದು ಕಷ್ಟ, ಬಯಲುಸೀಮೆಯಲ್ಲಿ ಸುಲಭ ಎಂಬುದು ವಿಚಿತ್ರವೆನಿಸಿದರೂ ನಿಜ.

ಆದರೆ ಈ ಸೌಲಭ್ಯವನ್ನು ನಾವೇ ಕೆಡಿಸಿಕೊಳ್ಳಬಲ್ಲೆವು. ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಕೋಣೆಯಲ್ಲಿ ೪೦ ಘನಮೀಟರ್ ಗಾಳಿಯಿದೆ. ೩೦ ಡಿಗ್ರಿಯ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು ೩೦ ಗ್ರಾಂ ಆವಿಯನ್ನು ತಳೆಯಬಲ್ಲುದು. ಎಂದರೆ ಇಡೀ ಕೋಣೆಗೆ ೧,೨೦೦ ಗ್ರಾಂ, ಅಷ್ಟೇ. ಬಿಸಿಲಿಗೆ ಅಂಜಿ ಕಿಟಕಿ ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿದರೆ, ಒಂದು ಲೀಟರ್ ಆವಿಯಾಗುವುದರೊಳಗಾಗಿ ಕೋಣೆಯೇ ಕಾರವಾರವಾಗಿ ಬಿಡುತ್ತದೆ. ಎದುರುಬದುರಾದ ಕಿಟಕಿಗಳು ತೆರೆದಿದ್ದು ಗಾಳಿಯಾಡುತ್ತಿರಬೇಕು. ಅನ್ನಾ ಥಿನ್ ಅವರ ಮನೆಯ ತೆರೆದ ಕಿಟಕಿಗೆ ಈ ಅರ್ಥವೂ ಒಂದುಂಟು.

ತಂಪಿನ ಬೆಲೆ

ಹರವಿ ನಮಗೆ ಕಲಿಸುವ ಪಾಠ ಇನ್ನೊಂದಿದೆ. ಅದನ್ನು ಗಮನಿಸುವವರು ಕಡಿಮೆ. ಎರಡು ಮೂರು ಬೇಸಿಗೆ ಕಂಡ ಹರವಿಯ ಹೊರಮೈಯನ್ನು ನೋಡಿರಿ. ಸುಣ್ಣ ಬಳಿದಂಥ ಬಿಳಿಯ ಪೊರೆ ಅಲ್ಲಿ ಕಟ್ಟಿರುತ್ತದೆ. ಹಾರಿಹೋದುದು ನೀರು ಮಾತ್ರ. ಅದರಲ್ಲಿ ಕರಗಿದ್ದ ಲವಣಗಳು ಹಿಂದೆ ಉಳಿದುವು. ಆವಿಯು ಉಷ್ಣವನ್ನು ಒಯ್ಯುತ್ತದೆ, ಉಪ್ಪನ್ನು ಒಯ್ಯುವುದಿಲ್ಲ. ತೊಟ್ಟಿಯ ವಿಷಯದಲ್ಲಿ ನೆನಪಿಡಬೇಕಾದ ಸೂತ್ರವಾಕ್ಯ ಇದೇ.

ಒಂದು ಕಿಲೋಗ್ರಾಂ ಕಡಲ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿವೆ. ನಮ್ಮ ತೊಟ್ಟಿಯಲ್ಲಿ ಒಟ್ಟು ಸುಮಾರು ೭ ಕಿಲೋಗ್ರಾಂ. ಪಂಖಾದ ಗಾಳಿಗೆ ದಿನಕ್ಕೆ ೪ ಲೀಟರ್ ಆವಿಯಾಗುತ್ತದೆಯೆಂದು ಎಣಿಸಿದರೆ, ಸರಾಸರಿ ೧೧೨ ವಾಟಿನಷ್ಟು ಉಷ್ಣ ಹೊರಹೋಗುತ್ತದೆ. ಇದು ಲಾಭ. ಆದರೆ ಐದು ದಿನ ಸುಮ್ಮನಿದ್ದರೆ ೨೦ ಲೀಟರ್ ಕಡಿಮೆಯಾಗಿ, ಲವಣಾಂಶ ೩೫ರಿಂದ ಸುಮಾರು ೩೯ಕ್ಕೆ ಏರುತ್ತದೆ. ಕಡಲ ಮೀನಿನ ರಕ್ತ ಕಡಲ ನೀರಿಗಿಂತ ಕಡಿಮೆ ಉಪ್ಪಿನದು. ಆದುದರಿಂದ ಅದರ ಮೈಯಿಂದ ನೀರು ಸದಾ ಹೊರಗೆ ಸೋರುತ್ತಿರುತ್ತದೆ. ಈ ನಷ್ಟವನ್ನು ತುಂಬಲು ಮೀನು ಕಡಲ ನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ಸುತ್ತಣ ನೀರು ಉಪ್ಪೇರಿದಷ್ಟೂ ಈ ದುಡಿಮೆ ಹೆಚ್ಚುತ್ತದೆ. ಸಿಗಡಿಯಂಥ ಜೀವಿಗಳಿಗಂತೂ ಉಪ್ಪಿನ ಹಠಾತ್ ಏರಿಳಿತವೇ ಮಾರಕವಾಗಬಲ್ಲುದು.

ಹಾಗಾದರೆ ಕಡಿಮೆಯಾದ ನೀರನ್ನು ತುಂಬಿದರಾಯಿತು ಎನ್ನುವಿರಿ. ಯಾವ ನೀರು? ‘ಕಡಲ ತೊಟ್ಟಿಯಲ್ಲವೇ, ಉಪ್ಪು ನೀರನ್ನೇ ತುಂಬೋಣ’ ಎಂಬ ಯೋಚನೆ ಸಹಜವಾದುದು, ಆದರೆ ತಪ್ಪಾದುದು. ದಿನಕ್ಕೆ ೪ ಲೀಟರ್ ಉಪ್ಪುನೀರು ಹಾಕಿದರೆ ದಿನವೂ ೧೪೦ ಗ್ರಾಂ ಲವಣ ಹೊಸದಾಗಿ ಸೇರುತ್ತದೆ. ಹತ್ತು ದಿನಕ್ಕೆ ೧.೪ ಕಿಲೋಗ್ರಾಂ. ತೊಟ್ಟಿಯ ಮಟ್ಟ ಗೆರೆ ತಪ್ಪದೆ ನಿಂತಿರುತ್ತದೆ; ಕಣ್ಣಿಗೆ ಎಲ್ಲವೂ ಸರಿಯಾಗಿ ತೋರುತ್ತದೆ; ಲವಣಾಂಶ ಮಾತ್ರ ೪೨ಕ್ಕೆ ಏರಿರುತ್ತದೆ. ಆವಿಯಾದುದು ಸಿಹಿನೀರು, ತುಂಬಬೇಕಾದುದೂ ಸಿಹಿನೀರೇ.

ಕೊಳವೆಬಾವಿಯ ನೀರು ಆದೀತೇ?

ನಮ್ಮ ಸೀಮೆಯಲ್ಲಿ ನಿಜವಾದ ತೊಡಕು ಇಲ್ಲಿದೆ. ಕೊಳವೆಬಾವಿಯ ನೀರನ್ನು ನಾವು ಸಿಹಿನೀರೆಂದು ಕರೆದರೂ ಅನೇಕ ಕಡೆ ಅದು ಗಡಸು ನೀರು. ಕುಡಿಯುವ ನೀರಿನಲ್ಲಿ ಕರಗಿದ ಘನಪದಾರ್ಥ ಲೀಟರಿಗೆ ೫೦೦ ಮಿಲಿಗ್ರಾಂ ಮೀರಬಾರದೆಂದೂ, ಬೇರೆ ನೀರೇ ಸಿಗದಿದ್ದಲ್ಲಿ ೨,೦೦೦ ಮಿಲಿಗ್ರಾಂವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ಹೇಳುತ್ತದೆ. ಲೀಟರಿಗೆ ೧,೦೦೦ ಮಿಲಿಗ್ರಾಂ ಲವಣವಿರುವ ನೀರನ್ನು ದಿನಕ್ಕೆ ೪ ಲೀಟರಿನಂತೆ ನೂರು ದಿನದ ಬೇಸಿಗೆಯುದ್ದಕ್ಕೂ ಹಾಕಿದೆವೆನ್ನಿ. ೪೦೦ ಲೀಟರ್ ನೀರು ಹಾರಿಹೋಗುತ್ತದೆ. ೪೦೦ ಗ್ರಾಂ ಲವಣ ತೊಟ್ಟಿಯಲ್ಲಿ ಉಳಿಯುತ್ತದೆ.

ಏಳು ಕಿಲೋಗ್ರಾಂಗಳ ಮುಂದೆ ೪೦೦ ಗ್ರಾಂ ಅಲ್ಪವಲ್ಲವೇ ಎಂದು ಕೇಳಬಹುದು. ಪ್ರಮಾಣಕ್ಕಿಂತ ಇಲ್ಲಿ ಬಗೆ ಮುಖ್ಯ. ೧೮೭೨ರಿಂದ ೧೮೭೬ರವರೆಗೆ ಲೋಕದ ಸಾಗರಗಳನ್ನು ಸುತ್ತಿದ ಚಾಲೆಂಜರ್ ಹಡಗು ತಂದ ನೀರಿನ ೭೭ ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಎಂಬ ರಸಾಯನಶಾಸ್ತ್ರಜ್ಞರು ವಿಶ್ಲೇಷಿಸಿ, ೧೮೮೪ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಒಟ್ಟು ಲವಣಾಂಶ ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ ಇದ್ದರೂ ಮುಖ್ಯ ಲವಣಾಂಶಗಳ ಪರಸ್ಪರ ಪ್ರಮಾಣ ಎಲ್ಲ ಸಾಗರಗಳಲ್ಲಿಯೂ ಬಹುತೇಕ ಒಂದೇ ಎಂಬುದು ಅದರ ತಿರುಳು. ಕಡಲ ಜೀವಿಗಳು ಈ ಪ್ರಮಾಣಕ್ಕೆ ಒಗ್ಗಿಹೋಗಿವೆ. ಬಾವಿಯ ನೀರಿನಲ್ಲಿರುವ ಲವಣಗಳ ಪ್ರಮಾಣ ಬೇರೆ. ಹೊಲಗಳ ಗೊಬ್ಬರದಿಂದ ಇಳಿದ ನೈಟ್ರೇಟ್ ಅದರಲ್ಲಿದ್ದರೆ ಅದೂ ತೊಟ್ಟಿಯಲ್ಲಿ ಸೇರಿ, ಬೇಡದ ಪಾಚಿಗೆ ಗೊಬ್ಬರವಾಗುತ್ತದೆ.

ಆದುದರಿಂದ ಲವಣರಹಿತವಾದ ನೀರೇ ಬೇಕು. ಬಟ್ಟಿ ಇಳಿಸಿದ ನೀರು ದುಬಾರಿ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಸಿಗುವ ನೀರಿನಲ್ಲಿ ಲವಣ ಬಹಳ ಕಡಿಮೆ. ಆದರೆ ಅಲ್ಲಿ ಒಂದು ಪಾಲು ಶುದ್ಧನೀರಿಗೆ ಸಾಕಷ್ಟು ನೀರು ತ್ಯಾಜ್ಯವಾಗಿ ಹರಿದುಹೋಗುತ್ತದೆ. ಜನ ಕೊಡ ಹಿಡಿದು ಸಾಲುಗಟ್ಟಿ ನಿಲ್ಲುವ ಏಪ್ರಿಲ್ ತಿಂಗಳಿನಲ್ಲಿ, ಮೀನಿನ ತೊಟ್ಟಿಗಾಗಿ ಅದೇ ಸಾಲಿನಲ್ಲಿ ನಿಲ್ಲುವುದು ಒಪ್ಪುವ ಮಾತಲ್ಲ.

ಉಳಿದುದು ಮಳೆಯ ನೀರು. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಹತ್ತು ಚದರ ಮೀಟರಿನ ಮೇಲೆ ೫೦ ಮಿಲಿಮೀಟರ್ ಸುರಿದರೆ ೫೦೦ ಲೀಟರ್. ಮಾಳಿಗೆಯನ್ನು ತೊಳೆಯುವ ಮೊದಲ ನೀರನ್ನು ಬಿಟ್ಟುಕೊಟ್ಟರೂ ಇಡೀ ಬೇಸಿಗೆಗೆ ಬೇಕಾದ ೪೦೦ ಲೀಟರ್ ದೊರೆಯುತ್ತದೆ. ಹಿಂಗಾರಿನ ಒಂದೆರಡು ಒಳ್ಳೆಯ ಮಳೆಯನ್ನು ಹಿಡಿದು, ಬೆಳಕು ಬೀಳದಂತೆ ಮುಚ್ಚಿದ ಪ್ಲಾಸ್ಟಿಕ್ ಪೀಪಾಯಿಗಳಲ್ಲಿ ಕಾದಿಟ್ಟರೆ ಸಾಕು. ತಗಡಿನ ಮಾಡಿನ ನೀರು, ತಾಮ್ರದ ಹಂಡೆಯಲ್ಲಿಟ್ಟ ನೀರು ಮಾತ್ರ ಕೂಡದು. ಸತುವು ತಾಮ್ರಗಳ ಲೇಶವೂ ಸಿಗಡಿಯಂಥ ಜೀವಿಗಳಿಗೆ ವಿಷ.

ದಿನಚರಿ ಮತ್ತು ಋತುಚರ್ಯೆ

ತೊಟ್ಟಿಯ ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆಯಿರಿ. ಪ್ರತಿದಿನವೂ ಒಂದೇ ವೇಳೆಯಲ್ಲಿ ಆ ಗೆರೆಯವರೆಗೆ ಮಳೆನೀರು ತುಂಬಿರಿ. ಮನೆಯ ಮೇಲಿನ ನೀರಿನ ಟಾಕಿಯಲ್ಲಿರುವಂಥ ತೇಲುಚೆಂಡಿನ ಕವಾಟವನ್ನು ಜೋಡಿಸಿದರೆ ನೀರು ತಾನೇ ಹನಿಹನಿಯಾಗಿ ಬಂದು ಸೇರುತ್ತದೆ. ಉಪ್ಪಿನ ಏರಿಳಿತ ಇನ್ನೂ ಕಡಿಮೆಯಾಗುತ್ತದೆ. ವಾರಕ್ಕೊಮ್ಮೆ ಹೈಡ್ರೋಮೀಟರಿನಿಂದ ಸಾಂದ್ರತೆಯನ್ನು ಪರೀಕ್ಷಿಸಿರಿ. ೨೫ ಡಿಗ್ರಿಯಲ್ಲಿ ಸಾಪೇಕ್ಷ ಸಾಂದ್ರತೆ ೧.೦೨೬ರ ಹತ್ತಿರ ಇರಬೇಕು.

ಇನ್ನು ಋತುಗಳು. ಬೇಸಿಗೆಯಲ್ಲಿ ಪಂಖಾ ಮತ್ತು ತೆರೆದ ಕಿಟಕಿ. ದೀಪವನ್ನು ಹಗಲಿಗೆ ಬದಲಾಗಿ ಸಂಜೆಯ ಬಳಿಕ ಉರಿಸಿದರೆ ಎರಡು ಶಾಖಗಳು ಒಂದೇ ಹೊತ್ತಿಗೆ ಬೀಳುವುದಿಲ್ಲ. ಮಳೆಗಾಲದಲ್ಲಿ ಗಾಳಿ ತೇವವಾಗಿದ್ದು ಪಂಖಾದ ಫಲ ತಗ್ಗುತ್ತದೆ. ಆದರೆ ಗಾಳಿಯೇ ತಂಪಾಗಿರುವುದರಿಂದ ಅದರ ಅಗತ್ಯವೂ ತಗ್ಗುತ್ತದೆ. ಚಳಿಗಾಲದಲ್ಲಿ ಮಾತ್ರ ಎಚ್ಚರಿಕೆ ಬೇಕು. ಆಗಿನ ಗಾಳಿ ಒಣಗಿದ್ದೂ ತಣ್ಣಗಿದ್ದೂ ಇರುತ್ತದೆ. ಬೇಡವೆಂದರೂ ನೀರು ಆವಿಯಾಗಿ ತೊಟ್ಟಿ ಹಿತಮಿತಿಗಿಂತ ಕೆಳಗೆ ತಣಿಯುತ್ತದೆ. ಬೇಸಿಗೆಯಲ್ಲಿ ತೆಗೆದಿಟ್ಟ ಗಾಜಿನ ಮುಚ್ಚಳವನ್ನು ಆಗ ಹೊಂದಿಸಿ, ಉಷ್ಣತೆಯನ್ನು ತಾನೇ ನಿಯಂತ್ರಿಸುವ ಹೀಟರನ್ನು ಇಡಬೇಕು. ವಿದ್ಯುತ್ತು ಕೈಕೊಟ್ಟಾಗ ಚಿಕ್ಕ ತೊಟ್ಟಿಗಿಂತ ದೊಡ್ಡ ತೊಟ್ಟಿ ಹೆಚ್ಚು ಹೊತ್ತು ತಾಳಿಕೊಳ್ಳುತ್ತದೆ. ನೀರು ಹೆಚ್ಚಿದಷ್ಟೂ ಅದರ ಉಷ್ಣತೆ ಬದಲಾಗಲು ಹೆಚ್ಚು ಕಾಲ ಬೇಕಷ್ಟೆ.

ತೊಟ್ಟಿಯಿಂದ ಹೊಲಕ್ಕೆ

ಈ ಲೆಕ್ಕಗಳನ್ನು ಮೀನು ಸಾಕುವವರ ಹವ್ಯಾಸವೆಂದು ತಳ್ಳಿಹಾಕಬಾರದು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಹಿಂದೆ ರೇಣುಕಾಸಾಗರವಿದೆ. ನಮ್ಮ ತೊಟ್ಟಿಯಿಂದ ಹೋಗುವ ೪ ಲೀಟರ್ ಎಂದರೆ ದಿನಕ್ಕೆ ೮ ಮಿಲಿಮೀಟರ್ ನೀರು. ಜಲಾಶಯದ ಒಂದು ಚದರ ಕಿಲೋಮೀಟರಿನಿಂದ ಅಷ್ಟೇ ಆವಿಯಾದರೆ ದಿನವೊಂದಕ್ಕೆ ೮೦ ಲಕ್ಷ ಲೀಟರ್ ಗಾಳಿಪಾಲಾಗುತ್ತದೆ!

ಅದಕ್ಕಿಂತಲೂ ಗಂಭೀರವಾದುದು ಹಿಂದುಳಿಯುವ ಉಪ್ಪಿನ ಮಾತು. ಕಾಲುವೆಯ ನೀರು ಹರಿಯುವ ಎರೆಹೊಲಗಳಲ್ಲಿ ನೀರು ಹೆಚ್ಚಾಗಿ, ಬಸಿದುಹೋಗಲು ದಾರಿಯಿಲ್ಲದಿದ್ದರೆ, ಅದು ನೆಲದ ಮೇಲ್ಮೈಯಿಂದ ಆವಿಯಾಗುತ್ತದೆ. ಲವಣ ಮಣ್ಣಿನಲ್ಲಿಯೇ ಉಳಿಯುತ್ತದೆ. ಮಲಪ್ರಭಾ ಅಚ್ಚುಕಟ್ಟಿನ ರೈತರು ಸವಳು ಜವಳು ಎಂದು ಕರೆಯುವುದು ಇದನ್ನೇ. ಹರವಿಯ ಮೇಲಿನ ಬಿಳಿಪೊರೆ, ಉಪ್ಪೇರಿದ ತೊಟ್ಟಿ, ಬೆಳೆ ಬಾರದ ಸವಳು ಹೊಲ: ಮೂರರ ಹಿಂದೆಯೂ ಇರುವ ನಿಯಮ ಒಂದೇ. ವ್ಯತ್ಯಾಸವಿಷ್ಟೆ, ತೊಟ್ಟಿಯ ತಪ್ಪನ್ನು ಕೆಲವು ಕೊಡ ಮಳೆನೀರಿನಿಂದ ತಿದ್ದಬಹುದು, ಹೊಲದ್ದನ್ನು ತಿದ್ದಲು ಬಸಿಗಾಲುವೆಗಳೂ ವರ್ಷಗಳ ದುಡಿಮೆಯೂ ಬೇಕು.

ಗಾಜಿನ ತೊಟ್ಟಿಯಿಲ್ಲದೆಯೂ ಈ ನಿಯಮವನ್ನು ನೀವು ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ಅಗಲ ಬಾಯಿಯ ಪಾತ್ರೆಗಳಲ್ಲಿ, ಲೀಟರಿಗೆ ೩೫ ಗ್ರಾಂ ಅಡಿಗೆಯ ಉಪ್ಪು ಕರಗಿಸಿದ ನೀರನ್ನು ಸಮನಾಗಿ ತುಂಬಿ, ಮಟ್ಟಕ್ಕೆ ಗೆರೆ ಎಳೆದು ಕಿಟಕಿಯ ಬಳಿ ಇಡಿರಿ. ದಿನವೂ ಒಂದನ್ನು ಮಳೆನೀರಿನಿಂದ, ಇನ್ನೊಂದನ್ನು ಅದೇ ಉಪ್ಪುನೀರಿನಿಂದ ಗೆರೆಯವರೆಗೆ ತುಂಬಿರಿ. ಹತ್ತು ದಿನಗಳ ಬಳಿಕ ಎರಡರಿಂದಲೂ ನೂರು ನೂರು ಮಿಲಿಲೀಟರ್ ತೆಗೆದು, ಪೂರ್ತಿ ಬತ್ತಿಸಿ, ಉಳಿದ ಉಪ್ಪನ್ನು ಪ್ರಯೋಗಶಾಲೆಯ ತಕ್ಕಡಿಯಲ್ಲಿ ತೂಗಿರಿ. ಮೊದಲನೆಯದರಲ್ಲಿ ಸುಮಾರು ಮೂರೂವರೆ ಗ್ರಾಂ ಇರುತ್ತದೆ. ಎರಡನೆಯದರಲ್ಲಿ ಎಷ್ಟಿರಬೇಕೆಂಬುದನ್ನು ತೂಗುವ ಮೊದಲೇ ಲೆಕ್ಕ ಮಾಡಿ ಬರೆದಿಡಿರಿ. ದಿನವೂ ಎಷ್ಟು ನೀರು ತುಂಬಿದಿರೆಂಬುದನ್ನು ಅಳೆದಿಟ್ಟಿದ್ದರೆ ಆ ಲೆಕ್ಕಕ್ಕೆ ಬೇಕಾದುದೆಲ್ಲ ನಿಮ್ಮ ಬಳಿಯಲ್ಲಿಯೇ ಇರುತ್ತದೆ.